ಎಂಆರ್‌ಐಯಲ್ಲಿ ಗಡ್ಡೆ ಅಂದರು, ಈಗ ಗಡ್ಡೆ ಅಲ್ಲದೆಯೂ ಇರಬಹುದು ಅಂತಾರೆ. ಆಪರೇಶನ್‌ಗೆ ಒಪ್ಪಬೇಕಾ?

ಬದಿಯಡ್ಕದ ಅಕ್ಕ
ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅವನಿಗೆ 34 ವಯಸ್ಸು. ತೋಟ ನೋಡಿಕೊಂಡು ಊರಲ್ಲೇ ಇರುವವ. ಬಿಪಿ ಇಲ್ಲ, ಶುಗರ್ ಇಲ್ಲ. ಕೆಲವು ವಾರದಿಂದ ಬಲಗೈಯಲ್ಲಿ ಹಿಡಿತ ಇರಲಿಲ್ಲ. ಅಡಿಕೆ ಸುಲಿಯಲು ಕೂತರೆ ಕೈಯಿಂದ ಜಾರಿ ಹೋಗುತ್ತಿತ್ತು. ಮುಂಡು ಕಟ್ಟಿಕೊಳ್ಳಲು ಎಡಗೈ ಬೇಕಾಯ್ತು. ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ನೋಡಿದೆವು. ಆಮೇಲೆ ಮಾತು ತಪ್ಪಲು ಶುರುವಾಯ್ತು. ನೀರು ಬೇಕಾದಾಗ "ಬಾಗಿಲು ಕೊಡು" ಅಂದ. ತಪ್ಪು ಹೇಳಿದೆ ಅಂತ ಅವನಿಗೇ ಗೊತ್ತಾಗಿ ಸಿಟ್ಟು ಬರುತ್ತಿತ್ತು.

ಕಾಸರಗೋಡಿನಲ್ಲಿ ಸಿಟಿ ಮಾಡಿಸಿದೆವು. ತಲೆಯಲ್ಲಿ ಏನೋ ಉಂಟು, ಮಂಗಳೂರಿಗೆ ಹೋಗಿ ಅಂದರು. ಅಲ್ಲಿ ಎಂಆರ್‌ಐ ಆಯ್ತು. ಎಡಭಾಗದಲ್ಲಿ 4 ಸೆಂಟಿಮೀಟರಿನದ್ದು, ಸುತ್ತ ನೀರು ತುಂಬಿದ ಹಾಗೆ ಬಾವು. ರಿಪೋರ್ಟಿನಲ್ಲಿ 'ಹೈ ಗ್ರೇಡ್ ಗ್ಲಯೋಮಾ ಸಾಧ್ಯತೆ' ಅಂತ ಇದೆ, ಅಂದರೆ ಬೇಗ ಬೆಳೆಯುವ ಮಿದುಳಿನ ಗಡ್ಡೆಯಂತೆ. ಅದರ ಕೆಳಗೆ ಒಂದು ಸಾಲು, 'ಟ್ಯೂಮಿಫ್ಯಾಕ್ಟಿವ್ ಡಿಮೈಲಿನೇಶನ್ ಕೂಡ ಪರಿಗಣಿಸಬೇಕು'. ಸರ್ಜನ್ ಮುಂದಿನ ವಾರ ತಲೆ ತೆರೆದು ತೆಗೆಯೋಣ ಅಂದರು. ಅದೇ ಆಸ್ಪತ್ರೆಯ ನ್ಯೂರಾಲಜಿಸ್ಟ್ ಸ್ವಲ್ಪ ತಡೆಯಿರಿ, ಇದು ಗಡ್ಡೆ ಅಲ್ಲದೆಯೂ ಇರಬಹುದು ಅಂದರು.

ಮನೆಯಲ್ಲಿ ಈಗ ಎರಡು ಪಂಗಡ. ಚಿಕ್ಕಪ್ಪ ತೆಗೆಸಿಬಿಡಿ ಅಂತಾರೆ. ಅಮ್ಮನಿಗೆ 'ತಡೆಯಿರಿ' ಅನ್ನುವ ಮಾತು ಮಾತ್ರ ಕಿವಿಗೆ ಬಿದ್ದಿದೆ. ಯಾರಿಗಾದರೂ ಇಂಥದ್ದು ಆಗಿದೆಯಾ? ಡಾಕ್ಟರ ಹತ್ತಿರ ಎಂತ ಕೇಳಬೇಕು?

ಕುಂಬಳೆಹೊಳೆ
ಅಕ್ಕಾ, ಹೆದರಬೇಡಿ. ಇಬ್ಬರು ಡಾಕ್ಟ್ರೂ ಒಟ್ಟಿಗೆ ಕೂತು ಮಾತಾಡಲಿ ಅಂತ ಮೊದಲು ಕೇಳಿ. ಬೇರೆ ಬೇರೆ ರೂಮಿನಲ್ಲಿ ಬೇರೆ ಬೇರೆ ಮಾತು ಕೇಳಿದರೆ ಯಾರಿಗೂ ತಲೆ ಕೆಡುತ್ತದೆ.

ಚಂದ್ರಗಿರಿ
ನಾನು ಖಡಾಖಂಡಿತವಾಗಿ ಹೇಳುತ್ತೇನೆ, ತಡ ಮಾಡಬೇಡಿ. ನನ್ನ ಮಾವನಿಗೂ ಹೀಗೇ ಕೈ ಬಲ ಹೋಯ್ತು. 'ನೋಡೋಣ, ಕಾಯೋಣ' ಅಂತ ಎರಡು ತಿಂಗಳು ದೂಡಿದರು. ಕೊನೆಗೆ ಅದು ಗ್ಲಯೋಬ್ಲಾಸ್ಟೋಮಾ, ಗ್ಲಯೋಮಾಗಳಲ್ಲೇ ತೀರಾ ಕೆಟ್ಟ ಜಾತಿಯದ್ದು. ಆಪರೇಶನ್ ಟೇಬಲ್‌ಗೆ ಹೋಗುವಷ್ಟರಲ್ಲಿ ಬೆಳೆದುಬಿಟ್ಟಿತ್ತು. 'ಇರಬಹುದು' ಅನ್ನುವ ಒಂದು ಸಾಲು ನಂಬಿ ಕೂರುವುದು ಅಪಾಯ.

ಫಿಲ್ಮ್ ರೂಮ್
ಮಂಗಳೂರಿನ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಬಹಳ ವರ್ಷ ಟೆಕ್ನಿಶಿಯನ್ ಆಗಿದ್ದೆ, ಈಗ ನಿವೃತ್ತ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ, ನನ್ನದಲ್ಲ. ಆದರೂ ನೋಡಿ ನೋಡಿ ಗೊತ್ತಿರುವುದನ್ನು ಹೇಳುತ್ತೇನೆ.

ಡಿಮೈಲಿನೇಶನ್ ಅಂದರೆ ನರತಂತುಗಳ ಮೇಲಿನ ಹೊದಿಕೆ ಹಾಳಾಗುವುದು. 2 ಸೆಂಟಿಮೀಟರಿಗಿಂತ ದೊಡ್ಡ ಡಿಮೈಲಿನೇಶನ್ ಕಲೆಯನ್ನು ಟ್ಯೂಮಿಫ್ಯಾಕ್ಟಿವ್, ಅಂದರೆ ಗಡ್ಡೆಯಂಥದ್ದು, ಅಂತ ಕರೆಯುತ್ತಾರೆ. ಬಾವು ಇರುತ್ತದೆ, ಪಕ್ಕದ ಮಿದುಳನ್ನು ಒತ್ತುತ್ತದೆ, ಕಾಂಟ್ರಾಸ್ಟ್ ಮದ್ದು ನರಕ್ಕೆ ಚುಚ್ಚಿ ಸ್ಕ್ಯಾನ್ ಮಾಡಿದರೆ ಉಂಗುರದ ಹಾಗೆ ಹೊಳೆಯುತ್ತದೆ. ಗಡ್ಡೆಯೂ ಹೀಗೇ ಕಾಣುವುದು. ಅದಕ್ಕೇ ಗೊಂದಲ. ವ್ಯತ್ಯಾಸ ಹುಡುಕುವವರು ಮೊದಲು ನೋಡುವುದು ಆ ಉಂಗುರ ಪೂರ್ತಿ ಇದೆಯಾ ಅಂತ. ಡಿಮೈಲಿನೇಶನ್‌ನಲ್ಲಿ ತುಂಬಾ ಸಲ ಅದು ಒಡೆದ ಬಳೆಯ ಹಾಗೆ ಒಂದು ಕಡೆ ಬಾಯಿ ತೆರೆದುಕೊಂಡಿರುತ್ತದೆ. ಆ ತೆರೆದ ಬದಿ ಮಿದುಳಿನ ಹೊರಗಿನ ಬೂದು ಭಾಗದ ಕಡೆಗೆ ಇರುತ್ತದೆ. ಎಲ್ಲರಲ್ಲೂ ಹಾಗೆ ಇರಲೇಬೇಕು ಅಂತಿಲ್ಲ.

ಎರಡನೇದು ಪರ್ಫ್ಯೂಷನ್, ಅಂದರೆ ಆ ಜಾಗದಲ್ಲಿ ರಕ್ತ ಎಷ್ಟು ಹರಿಯುತ್ತದೆ ಅಂತ ನೋಡುವ ಸ್ಕ್ಯಾನ್. ಹೈ ಗ್ರೇಡ್ ಗಡ್ಡೆ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ, ಅಲ್ಲಿ ರಕ್ತದ ಪ್ರಮಾಣ ಜಾಸ್ತಿ ತೋರಿಸುತ್ತದೆ. ಡಿಮೈಲಿನೇಶನ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದಿಲ್ಲ. ಎಂಆರ್‌ಐ ಜತೆಗೆ ಪರ್ಫ್ಯೂಷನ್ ಮಾಡಿದ್ದಾರಾ ಕೇಳಿ.

ಇನ್ನೊಂದು ಮುಖ್ಯ. ಕಾಸರಗೋಡಿನ ಆ ಮೊದಲ ಸಿಟಿಯನ್ನು ಬಿಸಾಡಬೇಡಿ. ಎಂಆರ್‌ಐಯಲ್ಲಿ ಹೊಳೆಯುವ ಜಾಗ ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಕಪ್ಪಾಗಿ ಕಂಡರೆ ಅದು ಡಿಮೈಲಿನೇಶನ್ ಕಡೆಗೆ ವಾಲುತ್ತದೆ. ಗಡ್ಡೆಯಲ್ಲಿ ಜೀವಕೋಶ ದಟ್ಟವಾಗಿರುವುದರಿಂದ ಅಷ್ಟು ಕಪ್ಪಾಗಿ ಕಾಣುವುದು ಕಮ್ಮಿ. ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಜನ ಹಳೆ ಸಿಟಿ ತೋರಿಸುವುದೇ ಇಲ್ಲ.

ಬದಿಯಡ್ಕದ ಅಕ್ಕ
ಅಣ್ಣಾ, ತುಂಬಾ ಉಪಕಾರ. ಸಿಟಿ ಫಿಲ್ಮ್ ಮನೆಯಲ್ಲೇ ಬಿಟ್ಟಿದ್ದೆವು, ಯಾರೂ ಕೇಳಿರಲಿಲ್ಲ. ಎಂಆರ್‌ಐ ಫಿಲ್ಮಿನ ಫೋಟೋ ಇಲ್ಲಿ ಹಾಕಲಾ?

ಫಿಲ್ಮ್ ರೂಮ್
ಬೇಡ ಅಕ್ಕ. ಫಿಲ್ಮಿನ ಮೇಲೆ ಅವನ ಹೆಸರು, ನಂಬರ್ ಎಲ್ಲ ಇರುತ್ತದೆ. ಅಲ್ಲದೆ ಕಿಟಕಿಗೆ ಹಿಡಿದು ಮೊಬೈಲಲ್ಲಿ ತೆಗೆದ ಫೋಟೋ ನೋಡಿ ಯಾರೂ ಏನೂ ಹೇಳಬಾರದು. ಸೆಂಟರಿನಲ್ಲಿ ಸಿಡಿ ಕೇಳಿ ತೆಗೆದುಕೊಳ್ಳಿ, ಪೂರ್ತಿ ಚಿತ್ರಗಳು ಅದರಲ್ಲಿ ಇರುತ್ತವೆ. ಎರಡನೇ ಅಭಿಪ್ರಾಯಕ್ಕೆ ಅದು ಬೇಕೇ ಬೇಕು.

ಪೆರ್ಲದವ
ಎಣ್ಮಕಜೆ, ಬದಿಯಡ್ಕ ಕಡೆಯವರಾ? ಹಾಗಾದರೆ ಇದು ಎಂಡೋಸಲ್ಫಾನ್, ಮತ್ತೆ ಎಂತ ಹುಡುಕುವುದು? ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕದ ಮದ್ದು ಬಿಟ್ಟದ್ದು ಎಲ್ಲರೂ ನೋಡಿದ್ದೇವೆ. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಹಾಕಿ.

ಮಂಜೇಶ್ವರದ ಹುಡುಗಿ
ನಾನು ನ್ಯೂರಾಲಜಿ ಓದುತ್ತಿದ್ದೇನೆ, ಊರು ಮಂಜೇಶ್ವರ. ನಿಮ್ಮ ತಮ್ಮನನ್ನು ನೋಡದೆ ಇದು ಅದೇ ಅಂತ ಹೇಳಲಾರೆ. ಆದರೆ ಈ ಗೊಂದಲ ಯಾಕೆ ಬರುತ್ತದೆ ಅಂತ ತಿಳಿದರೆ ಮನೆಯವರ ಜಗಳ ಸ್ವಲ್ಪ ಕಮ್ಮಿಯಾಗಬಹುದು.

ಮಿದುಳಿನ ನರತಂತುಗಳ ಮೇಲೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇದೆ. ಸಂದೇಶ ವೇಗವಾಗಿ ಓಡುವುದು ಅದರಿಂದ. ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಆ ಹೊದಿಕೆಯನ್ನು ತಿನ್ನುವುದೇ ಡಿಮೈಲಿನೇಶನ್. ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ಎಂಎಸ್, ಇದರಲ್ಲಿ ಹೆಚ್ಚು ಪರಿಚಿತ. ಅಲ್ಲಿ ಕಲೆಗಳು ಸಾಮಾನ್ಯವಾಗಿ ಸಣ್ಣವು. ಅಪರೂಪಕ್ಕೆ ಒಂದೇ ಕಲೆ ದೊಡ್ಡದಾಗಿ, ಗಡ್ಡೆಯ ವೇಷದಲ್ಲಿ ಬರುತ್ತದೆ. ತಜ್ಞರಿಗೂ ಇದು ಕಷ್ಟ. ಆದ್ದರಿಂದ ಆ ಸರ್ಜನ್ ತಪ್ಪು ಮಾಡುತ್ತಿದ್ದಾರೆ ಅಂತ ತಿಳಿಯಬೇಡಿ.

ನಮ್ಮ ದೇಶದಲ್ಲಿ ಪಟ್ಟಿ ಇನ್ನೂ ಉದ್ದ. ಉಂಗುರದ ಹಾಗೆ ಹೊಳೆಯುವುದೆಲ್ಲ ಗಡ್ಡೆ ಅಥವಾ ಡಿಮೈಲಿನೇಶನ್ ಅಲ್ಲ. ಟಿಬಿಯ ಗಂಟು ಇರಬಹುದು, ಲಾಡಿಹುಳುವಿನ ಮರಿ ಮಿದುಳಿನಲ್ಲಿ ಕೂತಿರಬಹುದು, ಕೀವು ಇರಬಹುದು, ಲಿಂಫೋಮಾ ಅನ್ನುವ ಕ್ಯಾನ್ಸರ್ ಇರಬಹುದು. ಇದನ್ನೆಲ್ಲ ಒಂದೊಂದಾಗಿ ತಳ್ಳಿಹಾಕುತ್ತಾ ಬರಬೇಕು.

ಕೇಳಬೇಕಾದ್ದು ಇಷ್ಟು. ಬೆನ್ನುಹುರಿಯ ಎಂಆರ್‌ಐ ಆಗಿದೆಯಾ? ಅಲ್ಲಿ ಸಣ್ಣ ಕಲೆ ಸಿಕ್ಕಿದರೆ ಚಿತ್ರವೇ ಬದಲಾಗುತ್ತದೆ. ಹಿಂದೆ ಯಾವತ್ತಾದರೂ ಒಂದು ಕಣ್ಣು ಕೆಲವು ವಾರ ಮಂಜಾಗಿತ್ತಾ, ಕಾಲು ಜೋಮು ಹಿಡಿದಿತ್ತಾ? ಬೆನ್ನಿನಿಂದ ನೀರು ತೆಗೆದು ಆಲಿಗೋಕ್ಲೋನಲ್ ಬ್ಯಾಂಡ್, ಅಂದರೆ ಎಂಎಸ್ ಇದ್ದವರಲ್ಲಿ ಹೆಚ್ಚಾಗಿ ಸಿಗುವ ಗುರುತು, ನೋಡುತ್ತಾರಾ? ತಲೆಯೊಳಗೆ ಒತ್ತಡ ಜಾಸ್ತಿ ಇದ್ದರೆ ನೀರು ತೆಗೆಯುವುದು ಅಪಾಯ, ಅದನ್ನು ಅವರು ನೋಡಿಕೊಳ್ಳುತ್ತಾರೆ. ಎಂಎಸ್‌ನ ಹಾಗೆ ಕಾಣುವ ಬೇರೆ ರೋಗ ಹುಡುಕಲು ರಕ್ತದಲ್ಲಿ ಎಂಒಜಿ ಮತ್ತು ಅಕ್ವಪೊರಿನ್-4 ಪ್ರತಿಕಾಯಗಳ ಪರೀಕ್ಷೆ ಕಳಿಸಿದ್ದಾರಾ?

ಒಂದು ಎಚ್ಚರಿಕೆ. ಯಾರೋ ಹೇಳಿದರು ಅಂತ ಸ್ಟೆರಾಯ್ಡ್ ಶುರು ಮಾಡಿಸಬೇಡಿ. ಡಿಮೈಲಿನೇಶನ್ ಸ್ಟೆರಾಯ್ಡಿಗೆ ಕುಗ್ಗುತ್ತದೆ. ಆದರೆ ಲಿಂಫೋಮಾ ಕೂಡ ಕೆಲವು ದಿನ ಕುಗ್ಗುತ್ತದೆ! ಆಮೇಲೆ ಬಯಾಪ್ಸಿ ಮಾಡಿದರೆ ತುಣುಕಿನಲ್ಲಿ ಏನೂ ಸಿಗದೆ ಹೋಗಬಹುದು. ಗಡ್ಡೆಯ ಸುತ್ತಲಿನ ಬಾವು ಸಹ ಇಳಿಯುವುದರಿಂದ ರೋಗಿ ಚೇತರಿಸಿಕೊಂಡ ಹಾಗೆ ಕಾಣುತ್ತಾನೆ. ಸ್ಟೆರಾಯ್ಡಿಗೆ ಗುಣ ಕಂಡಿತು ಅನ್ನುವುದು ಒಂದೇ ಸಾಕ್ಷಿ ಆಗುವುದಿಲ್ಲ. ಯಾವಾಗ ಕೊಡಬೇಕು ಅಂತ ಇಬ್ಬರು ಡಾಕ್ಟರೂ ಸೇರಿ ತೀರ್ಮಾನ ಮಾಡಲಿ.

ಚಂದ್ರಗಿರಿ
ಡಾಕ್ಟ್ರೇ, ಇಷ್ಟೆಲ್ಲ ಪರೀಕ್ಷೆ ಆಗುವಾಗ ಗಡ್ಡೆ ಬೆಳೆದರೆ?

ಮಂಜೇಶ್ವರದ ಹುಡುಗಿ
ನಿಮ್ಮ ಭಯ ಸರಿಯಾದದ್ದೇ ಅಣ್ಣ. ಇದು ತಿಂಗಳುಗಟ್ಟಲೆ ಕಾಯುವ ವಿಷಯ ಅಲ್ಲ. ಬೆನ್ನುಹುರಿ ಎಂಆರ್‌ಐ, ಪರ್ಫ್ಯೂಷನ್, ನೀರಿನ ಪರೀಕ್ಷೆ ಕೆಲವೇ ದಿನದಲ್ಲಿ ಮುಗಿಯುತ್ತವೆ. ಅಷ್ಟಾದರೂ ಗೊತ್ತಾಗದಿದ್ದರೆ ಬಯಾಪ್ಸಿ, ತಡ ಇಲ್ಲ. ನಾನು ಬೇಡ ಅನ್ನುವುದು ಪೂರ್ತಿ ತೆಗೆಯುವ ಆಪರೇಶನ್ನಿಗೆ ನೇರವಾಗಿ ಹಾರುವುದನ್ನು. ಮಾತಿನ ಜಾಗದಲ್ಲಿ ಇರುವುದನ್ನು ಅಗೆದು ತೆಗೆದ ಮೇಲೆ ಅದು ತಾನಾಗಿ ಇಳಿಯಬಹುದಾಗಿದ್ದ ಕಲೆ ಅಂತ ಗೊತ್ತಾದರೆ ಏನು ಮಾಡುವುದು?

ಮುಳ್ಳೇರಿಯ ಟೀಚರ್
ನನಗೇ ಆದದ್ದು ಇದು. ಅದಕ್ಕೇ ಬರೆಯುತ್ತೇನೆ.

ನನ್ನದು ಬಲಭಾಗದಲ್ಲಿ. ಎಡಗಾಲು ಎಳೆಯುತ್ತಿತ್ತು, ಬೋರ್ಡಿನ ಎಡಭಾಗದಲ್ಲಿ ಬರೆದದ್ದನ್ನು ನಾನೇ ಬಿಟ್ಟು ಓದುತ್ತಿದ್ದೆ. ಮಕ್ಕಳು ಹೇಳಿದ ಮೇಲೆ ಗೊತ್ತಾಯ್ತು. ಎಂಆರ್‌ಐ ನೋಡಿ ಗಡ್ಡೆ ಅಂದರು. ಬಯಾಪ್ಸಿ ಮಾಡಿದರು. ಆ ರಿಪೋರ್ಟಿನಲ್ಲೂ ಗ್ಲಯೋಮಾ ಅಂತಲೇ ಬಂತು! ರೇಡಿಯೇಶನ್ನಿಗೆ ದಿನ ನಿಗದಿ ಆಗಿತ್ತು. ತಲೆಗೆ ಹಾಕುವ ಮುಖವಾಡದ ಅಳತೆಯನ್ನೂ ತೆಗೆದಿದ್ದರು.

ಅಣ್ಣ ಹಠ ಹಿಡಿದು ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ತೆಗೆದುಕೊಂಡರು. ಆ ಆಸ್ಪತ್ರೆಯವರು ಕೊಡಲು ತುಂಬಾ ಸತಾಯಿಸಿದರು, ಒಂದು ಕೌಂಟರಿನಿಂದ ಇನ್ನೊಂದಕ್ಕೆ ಕಳಿಸಿದರು. ಬೇರೆ ಕಡೆ ಮಿದುಳಿನ ಪೆಥಾಲಜಿಯನ್ನೇ ನೋಡುವವರಿಗೆ ತೋರಿಸಿದೆವು. ಅವರು ಬೇರೆ ಬಣ್ಣ ಹಾಕಿ ನೋಡಿದರು. ಮೈಲಿನ್ ಹೋಗಿದೆ, ನರತಂತು ಉಳಿದಿದೆ, ತುಂಬಾ ಇರುವುದು ಮ್ಯಾಕ್ರೋಫೇಜ್, ಕಸ ತಿನ್ನುವ ಕೋಶಗಳು. ಗಡ್ಡೆ ಅಲ್ಲ, ಡಿಮೈಲಿನೇಶನ್. ಜತೆಗೆ ಇರುವ ಊದಿಕೊಂಡ ಆಸ್ಟ್ರೋಸೈಟುಗಳನ್ನು, ಅಂದರೆ ನರಕೋಶಗಳಿಗೆ ಆಸರೆಯಾಗುವ ಕೋಶಗಳನ್ನು, ನೋಡಿ ಗಡ್ಡೆ ಅಂತ ಭ್ರಮೆ ಆಗುವುದುಂಟು ಅಂತ ಆ ಪೆಥಾಲಜಿಸ್ಟ್ ಕೂರಿಸಿ ವಿವರಿಸಿದರು. ಡಿಮೈಲಿನೇಶನ್ ಇದ್ದವರಿಗೆ ರೇಡಿಯೇಶನ್ ಕೊಟ್ಟರೆ ಹಾನಿ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು.

ನನಗೆ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡಿನ ಡ್ರಿಪ್ ಕೊಟ್ಟರು. ಅರ್ಧ ಗುಣ. ಆಮೇಲೆ ಪ್ಲಾಸ್ಮಾ ಬದಲಾಯಿಸಿದರು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕಿ ರಕ್ತ ಹೊರಗೆ ತೆಗೆದು, ಅದರ ನೀರಿನ ಭಾಗ ಬೇರೆ ಮಾಡಿ ಉಳಿದದ್ದನ್ನು ವಾಪಸ್ ಬಿಡುವುದು. ಒಂದು ದಿನ ಬಿಟ್ಟು ಒಂದು ದಿನ. ಅದರ ನಂತರ ಕಾಲು ಎತ್ತಲು ಬಂತು. ಈಗ ಶಾಲೆಗೆ ಹೋಗುತ್ತೇನೆ. ಮೆಟ್ಟಿಲು ಇಳಿಯುವಾಗ ಕೈಗಂಬಿ ಬೇಕು.

ಅಕ್ಕಾ, ಬಯಾಪ್ಸಿ ಆದರೆ ಬ್ಲಾಕ್ ನಿಮ್ಮದು, ಕೇಳಿ ತೆಗೆದುಕೊಳ್ಳಿ.

ನೀರ್ಚಾಲಿನ ಮಾಷ್ಟ್ರು
ಟೀಚರಮ್ಮ, ಓದಿ ಮೈ ಜುಮ್ಮೆಂದಿತು. ಇದನ್ನು ಎಲ್ಲರೂ ಓದಬೇಕು.

ಸೀತಾಂಗೋಳಿ
ನಮ್ಮ ಕಡೆ ಒಬ್ಬರು ನಾಟಿ ವೈದ್ಯರು ಇದ್ದಾರೆ, ಮಿದುಳಿನ ಗಡ್ಡೆ ಕರಗಿಸುವ ಕಷಾಯ ಕೊಡುತ್ತಾರೆ. ನನ್ನ ಪರಿಚಯದವರೊಬ್ಬರಿಗೆ ಸ್ಕ್ಯಾನಿನಲ್ಲಿ ಗಡ್ಡೆ ಮಾಯ ಆದದ್ದು ನಿಜ.

ಮಂಜೇಶ್ವರದ ಹುಡುಗಿ
ಆ ಕತೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಈ ಥ್ರೆಡ್ಡಿನ ವಿಷಯವೇ ಅದಕ್ಕೆ ಒಂದು ಉತ್ತರ ಅಲ್ವಾ? ಗಡ್ಡೆಯ ಹಾಗೆ ಕಂಡದ್ದು ಡಿಮೈಲಿನೇಶನ್ ಆಗಿದ್ದರೆ ಕೆಲವರಲ್ಲಿ ತಾನಾಗಿಯೇ ಕುಗ್ಗುತ್ತದೆ. ಹುಳದ ಗಂಟೂ ಸಾಯುತ್ತಾ ಮಾಯವಾಗುತ್ತದೆ. ಆ ಹೊತ್ತಿಗೆ ಯಾವ ಮದ್ದು ಕುಡಿಯುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ. ನಿಜವಾದ ಗ್ಲಯೋಬ್ಲಾಸ್ಟೋಮಾ ಇದ್ದವರು ಅದನ್ನು ನಂಬಿ ಕೂತರೆ ಚಂದ್ರಗಿರಿಯವರ ಮಾವನ ಕತೆ ಆಗುತ್ತದೆ. ಮೊದಲು ಏನು ಅಂತ ಗೊತ್ತಾಗಲಿ.

ಪೆರ್ಲದವ
ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಎಂಡೋಸಲ್ಫಾನ್ ವಿಷಯ ಎತ್ತಿದರೆ ಎಲ್ಲರೂ ಸುಮ್ಮನಾಗುತ್ತೀರಿ.

ಕುಂಬಳೆಹೊಳೆ
ಸುಮ್ಮನಾಗುವುದಲ್ಲ ಮಾರಾಯ್ರೇ. ಎಂಡೋಸಲ್ಫಾನ್ ಬಿದ್ದ ಪಡ್ರೆ ಊರಿನ ಮಕ್ಕಳ ಸಂಕಟ ನಮಗೂ ಗೊತ್ತು. 2000ದಲ್ಲಿ ಮದ್ದು ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂತ ಆದೇಶ ಆಯ್ತು. ಅಷ್ಟು ಹೊಡೆದಾಡಿ ಸಿಕ್ಕಿದ್ದು ಅದು. ಈಗ ಪ್ರತಿ ರೋಗಕ್ಕೂ ಅದೇ ಹೆಸರು ಹಾಕಿದರೆ ನಿಜವಾದ ಸಂತ್ರಸ್ತರ ಮಾತನ್ನೇ ಜನ ಅನುಮಾನಿಸುತ್ತಾರೆ.

ಮಂಜೇಶ್ವರದ ಹುಡುಗಿ
ಎಂಡೋಸಲ್ಫಾನಿನಿಂದ ಡಿಮೈಲಿನೇಶನ್ ಬರುತ್ತದೆ ಅಂತ ಸಾಬೀತಾಗಿಲ್ಲ. ಎಂಎಸ್ ಬಗ್ಗೆ ಗಟ್ಟಿ ಸಾಕ್ಷಿ ಸಿಕ್ಕಿರುವುದು ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್ಸಿನ ಕಡೆಗೆ. ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದರು, ಆ ಸೋಂಕು ತಗುಲಿದ ಮೇಲೆ ಎಂಎಸ್ ಅಪಾಯ ಸುಮಾರು 32 ಪಟ್ಟು. ಆದರೆ ಆ ವೈರಸ್ ಬಹುತೇಕ ಎಲ್ಲರಿಗೂ ಬಂದು ಹೋಗಿರುತ್ತದೆ, ಎಂಎಸ್ ಆಗುವುದು ಕೆಲವರಿಗೆ ಮಾತ್ರ. ಒಂದೇ ಕಾರಣ ತೋರಿಸಲು ಆಗದ ರೋಗ ಇದು.

ಪೆರ್ಲದವ
ಸರಿ. ಆದರೂ ನಮ್ಮ ಕಡೆ ನರರೋಗ ತಜ್ಞರು ಬೇಕು ಅನ್ನುವುದನ್ನಾದರೂ ಒಪ್ಪುತ್ತೀರಾ? ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಇವತ್ತಿಗೂ ತಲೆಯೊಳಗಿನ ವಿಷಯ ಅಂದರೆ ಮಂಗಳೂರಿನ ಬಸ್ಸೇ ಹತ್ತುವುದು.

ತಲಪಾಡಿ ಗೇಟ್
ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ಇದೇ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸಿನಲ್ಲಿ ಇದ್ದವರನ್ನೂ ತಿರುಗಿಸಿ ಕಳಿಸಿದರು. ಜೀವ ಹೋಯ್ತು ಕೆಲವರದ್ದು. ಗಡಿಯ ಆಚೆಯ ಆಸ್ಪತ್ರೆಯನ್ನೇ ನಂಬಿಕೊಂಡವರ ಕಷ್ಟ ತಿರುವನಂತಪುರಕ್ಕೂ ಗೊತ್ತಿಲ್ಲ, ಬೆಂಗಳೂರಿಗೂ ಗೊತ್ತಿಲ್ಲ.

ಉಪ್ಪಳ ಮದ್ದಿನಂಗಡಿ
ಅಕ್ಕ, ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ತಿರುವನಂತಪುರದ ಶ್ರೀ ಚಿತ್ರಾ, ಎರಡೂ ಸರ್ಕಾರಿ ಸಂಸ್ಥೆ, ಎರಡೂ ಮಿದುಳಿನ ರೋಗಕ್ಕೆ ಹೆಸರಾದವು. ಕೇರಳ ಸರ್ಕಾರದ ಆರೋಗ್ಯ ಯೋಜನೆಯ ಕಾರುಣ್ಯ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ. ಅಲ್ಲಿ ಹೋಗಿ ಕೌಂಟರಿನಲ್ಲಿ 'ಇಲ್ಲ' ಅನಿಸಿಕೊಂಡು ಬಂದವರು ನನ್ನ ಅಂಗಡಿಗೆ ಬಂದು ಅಳುತ್ತಾರೆ.

ಸ್ಟೆರಾಯ್ಡ್ ಕೊಟ್ಟರೆ ಒಂದು ಮಾತು. ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಹಾಗೆ 3ರಿಂದ 5 ದಿನ ಡ್ರಿಪ್ ಕೊಡುತ್ತಾರೆ. ಆಮೇಲೆ ಮಾತ್ರೆ ಬರೆದರೆ ಹಂತ ಹಂತವಾಗಿ ಇಳಿಸಬೇಕು. ಮುಖ ಊದಿತು, ನಿದ್ರೆ ಬರುವುದಿಲ್ಲ ಅಂತ ಜನ ನಡುವೆ ಬಿಟ್ಟುಬಿಡುತ್ತಾರೆ. ಅದು ಅಪಾಯ. ಶುಗರ್ ಇಲ್ಲದವರಿಗೂ ಏರುತ್ತದೆ, ನೋಡುತ್ತಾ ಇರಿ.

ಅಡೂರು
ಒಪ್ಪಿಗೆ ಪತ್ರ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನನ್ನ ಅಪ್ಪ ಎಂತದು ಅಂತ ಗೊತ್ತಿಲ್ಲದೆ ಸಹಿ ಹಾಕಿದ್ದರು. ಓದಿ ಹೇಳಿ ಅಂತ ಕೇಳಿ, ನಾಚಿಕೆ ಬೇಡ. ಬಯಾಪ್ಸಿಗೆ ಸಹಿ ಹಾಕುವುದು ಬೇರೆ, ಪೂರ್ತಿ ತೆಗೆಯುವುದಕ್ಕೆ ಸಹಿ ಹಾಕುವುದು ಬೇರೆ. ಯಾವುದು ಅಂತ ಕೇಳಿಯೇ ಹಾಕಿ.

ಬದಿಯಡ್ಕದ ಅಕ್ಕ
ಎಲ್ಲರಿಗೂ ಈಗಿನ ವಿಷಯ ತಿಳಿಸುತ್ತೇನೆ.

ಹಳೆ ಸಿಟಿ ತೆಗೆದುಕೊಂಡು ಹೋದೆವು. ಸರ್ಜನ್, ನ್ಯೂರಾಲಜಿಸ್ಟ್, ರೇಡಿಯಾಲಜಿಸ್ಟ್ ಮೂವರೂ ಒಟ್ಟಿಗೆ ಕೂತು ನೋಡಿದರು. ಹೊಳೆಯುವ ಭಾಗ ಸಿಟಿಯಲ್ಲಿ ಕಪ್ಪಾಗಿಯೇ ಇದೆಯಂತೆ. ಪರ್ಫ್ಯೂಷನ್ ಮಾಡಿದರು, ರಕ್ತ ಜಾಸ್ತಿ ಇಲ್ಲ. ಬೆನ್ನುಹುರಿಯಲ್ಲಿ ಏನೂ ಸಿಗಲಿಲ್ಲ. ರಕ್ತದ ಪ್ರತಿಕಾಯ ಎರಡೂ ನೆಗೆಟಿವ್. ಬಾವು ಇದೆ ಅಂತ ಬೆನ್ನಿನ ನೀರು ತೆಗೆಯಲಿಲ್ಲ. ಸರ್ಜನ್ನೇ ಹೇಳಿದರು, ಪೂರ್ತಿ ತೆಗೆಯುವುದು ಬೇಡ, ಸೂಜಿ ಹಾಕಿ ಸಣ್ಣ ತುಣುಕು ತೆಗೆಯೋಣ, ಸ್ಟೆರಾಯ್ಡ್ ಅದರ ನಂತರ. ಚಿಕ್ಕಪ್ಪನೂ ಒಪ್ಪಿದರು.

ತಮ್ಮನಿಗೆ ಕೇಳಿದೆ, ನಿನಗೆ ಎಂತ ಅನಿಸುತ್ತದೆ ಅಂತ. ಎರಡು ಬೆರಳು ಹತ್ತಿರ ಹಿಡಿದು 'ಸಣ್ಣದು' ಅಂತ ತೋರಿಸಿದ.

ಚಂದ್ರಗಿರಿ
ಒಳ್ಳೆಯದಾಯ್ತು. ತುಣುಕು ತೆಗೆಯುವುದಕ್ಕೆ ನನ್ನ ವಿರೋಧ ಇಲ್ಲ. ಕಾಯುತ್ತಾ ಕೂರುವುದಕ್ಕೆ ಮಾತ್ರ ವಿರೋಧ.

ಬದಿಯಡ್ಕದ ಅಕ್ಕ
ಬಯಾಪ್ಸಿ ಬಂತು. ಡಿಮೈಲಿನೇಶನ್. ಟೀಚರ್ ಹೇಳಿದ ಹಾಗೆ ಬ್ಲಾಕ್ ಇನ್ನೊಂದು ಕಡೆಗೂ ಕಳಿಸಿದೆವು, ಅವರೂ ಅದನ್ನೇ ಬರೆದರು. ಡ್ರಿಪ್ ಮುಗಿದಿದೆ. ಕೈ ಸ್ವಲ್ಪ ಎತ್ತುತ್ತಾನೆ, ಲೋಟ ಹಿಡಿಯುತ್ತಾನೆ. ಮಾತು ಇನ್ನೂ ತಡವರಿಸುತ್ತದೆ. ಇದು ಮುಂದೆ ಎಂಎಸ್ ಆಗುತ್ತದಾ?

ಮಂಜೇಶ್ವರದ ಹುಡುಗಿ
ಸಂತೋಷ ಆಯ್ತು ಅಕ್ಕ. ಮುಂದಿನದ್ದು ಈಗಲೇ ಹೇಳಲು ಬರುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಬಯಾಪ್ಸಿಯಲ್ಲಿ ಖಚಿತವಾದ 168 ಜನರ ವಿವರ 2008ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಸುಮಾರು 70 ಶೇಕಡಾ ಜನರಿಗೆ ಮುಂದೆ ಎಂಎಸ್ ಖಚಿತವಾಯ್ತು. ಕೆಲವರಿಗೆ ಒಂದೇ ಸಲ ಬಂದು ಮುಗಿಯಿತು. ಬಯಾಪ್ಸಿವರೆಗೆ ಹೋದವರ ಲೆಕ್ಕ ಅದು, ಎಲ್ಲರಿಗೂ ಹಾಗೇ ಅನ್ವಯಿಸಬೇಡಿ. ಅಪರೂಪಕ್ಕೆ ಡಿಮೈಲಿನೇಶನ್ ಅಂತ ಕಂಡದ್ದರ ಹಿಂದೆ ಲಿಂಫೋಮಾ ಬರುವುದೂ ಉಂಟು. ಅದಕ್ಕೆ ಗುಣ ಕಂಡಿತು ಅಂತ ಮುಂದಿನ ಎಂಆರ್‌ಐಗಳನ್ನು ತಪ್ಪಿಸಬೇಡಿ.

ಮುಳ್ಳೇರಿಯ ಟೀಚರ್
ಎಂಎಸ್ ಅಂತ ಆದರೂ ಲೋಕ ಮುಳುಗುವುದಿಲ್ಲ ಅಕ್ಕ. ಈಗ ಮದ್ದು ಬೇಕಾದಷ್ಟು ಉಂಟು. ಅದರಲ್ಲಿ ಫಿಂಗೋಲಿಮಾಡ್ ಅನ್ನುವ ಮದ್ದು ತೆಗೆದುಕೊಂಡ ಕೆಲವರಲ್ಲಿ ಇಂಥ ದೊಡ್ಡ ಕಲೆ ಬಂದ ವರದಿ ಇದೆ ಅಂತ ನನಗೆ ಅದು ಕೊಡದೆ ಬೇರೆ ಕೊಟ್ಟರು. ನಿಮ್ಮ ಡಾಕ್ಟರ ಹತ್ತಿರವೂ ಕೇಳಿಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಸೇರಿದೆ, ಅಗತ್ಯ ಬಿದ್ದರೆ ಸರ್ಟಿಫಿಕೇಟಿಗೆ ಅರ್ಜಿ ಹಾಕಬಹುದು.

ಬದಿಯಡ್ಕದ ಅಕ್ಕ
ಇನ್ನೊಂದು ಕೇಳಲಿಕ್ಕುಂಟು. ಮಾತಿನ ತರಬೇತಿಗೆ ಇಲ್ಲಿ ಸಿಕ್ಕಿದವರು ಮಲೆಯಾಳದಲ್ಲಿ ಹೇಳಿಸುತ್ತಾರೆ. ಅವನಿಗೆ ಮಲೆಯಾಳ ಬರುತ್ತದೆ, ಆದರೆ ಮನೆಯಲ್ಲಿ ತುಳು, ಓದಿದ್ದು ಕನ್ನಡ. ಈಗ ಮೂರೂ ಕಲಸಿ ಹೋಗುತ್ತಿದೆ. ಕನ್ನಡದಲ್ಲಿ ಮಾಡಿಸುವವರು ಯಾರಾದರೂ ಗೊತ್ತಾ?

ನೀರ್ಚಾಲಿನ ಮಾಷ್ಟ್ರು
ಮೈಸೂರಿನ ಆಯಿಷ್ ಸಂಸ್ಥೆಗೆ ಬರೆಯಿರಿ. 1965ರಿಂದ ಮಾತು ಮತ್ತು ಶ್ರವಣದ ಕೆಲಸವನ್ನೇ ಮಾಡುತ್ತಿರುವವರು, ಕನ್ನಡದಲ್ಲೇ ಆಗುತ್ತದೆ.

ಅಡೂರು
ಅಷ್ಟರವರೆಗೆ ಮನೆಯಲ್ಲಿ ತುಳುವಿನಲ್ಲೇ ಮಾತಾಡಿಸಿ ಅಕ್ಕ. ನಮ್ಮ ಅಪ್ಪನಿಗೆ ಸ್ಟ್ರೋಕ್ ಆದಾಗ ಕತ್ತಿ, ಹಗ್ಗ, ಕೊಡಪಾನ ಹೀಗೆ ದಿನಾ ಮುಟ್ಟುವ ಸಾಮಾನುಗಳನ್ನು ಎದುರಿಗಿಟ್ಟು ಹೆಸರು ಹೇಳಿಸುತ್ತಿದ್ದೆವು. ಅವರು ಹೇಳುವ ಮೊದಲು ನಾವು ಬಾಯಿ ಹಾಕಬಾರದು ಅಂತ ತೆರಪಿಸ್ಟ್ ಹೇಳಿದ್ದರು. ಆಗ ಅಪ್ಪನಿಗೆ ಮಾಡಿಸಿದವರು ಕನ್ನಡ ಬಲ್ಲವರು, ಕಾಸರಗೋಡಿಗೆ ಬರುತ್ತಾರೆ. ಅವರನ್ನು ಕೇಳಿ, ಒಪ್ಪಿದರೆ ನಂಬರ್ ನಿಮಗೆ ಖಾಸಗಿ ಮೆಸೇಜಿನಲ್ಲಿ ಕಳಿಸುತ್ತೇನೆ.